ಗ್ರೇಟ್ ಬ್ಯಾರಿಯರ್ ರೀಫ್: 2022ರಲ್ಲಿ ದಾಖಲೆಯ ಹವಳ, 2025ರಲ್ಲಿ ದಾಖಲೆಯ ಕುಸಿತ. ಯಾವುದನ್ನು ನಂಬಬೇಕು?

ಕಡಲಂಚು:

ಪಿಯುಸಿ ಮಕ್ಕಳಿಗಾಗಿ ಹವಳದ ದಿಬ್ಬಗಳ ಬಗ್ಗೆ ಟಿಪ್ಪಣಿ ಸಿದ್ಧ ಮಾಡುತ್ತಿದ್ದೇನೆ. ಉದಾಹರಣೆಗೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕರಾವಳಿಯ ಗ್ರೇಟ್ ಬ್ಯಾರಿಯರ್ ರೀಫ್ ಆರಿಸಿಕೊಂಡೆ. ಒಂದು ಕಡೆ ಮಾತ್ರ ಗಂಟು ಬಿಡಿಸಲಾಗುತ್ತಿಲ್ಲ. 2022ರಲ್ಲಿ, ರೀಫ್‌ನ ಉತ್ತರ, ಮಧ್ಯ ಭಾಗಗಳಲ್ಲಿ 36 ವರ್ಷಗಳಲ್ಲೇ ಅತಿ ಹೆಚ್ಚು ಹವಳ ಇದೆ ಎಂಬ ವರದಿ ಬಂತು. ಅದೇ 2022ರಲ್ಲಿ ಹವಳ ಸಾಮೂಹಿಕವಾಗಿ ಬಿಳಿಚಿಕೊಂಡಿತು ಎಂಬ ಸುದ್ದಿಯೂ ಇದೆ. 2024ರಲ್ಲಿ ಮತ್ತೆ ಬಿಳಿಚಿತು, ಆದರೆ ಆ ವರ್ಷದ ವರದಿಯಲ್ಲೂ ಹವಳ ಹೆಚ್ಚೇ ಇದೆ. 2025ಕ್ಕೆ ಬಂದರೆ ಭಾರೀ ಕುಸಿತ!

ಇವೆಲ್ಲ ಒಟ್ಟಿಗೆ ನಿಜವಾಗುವುದು ಹೇಗೆ? ಬಿಳಿಚುವುದು ಅಂದರೆ ಸಾಯುವುದು ಅಂತಲೇ ಅಲ್ಲವೇ? ಇನ್ನೊಂದು, ‘ಬ್ಯಾರಿಯರ್’ ಎಂಬ ಹೆಸರಿಗೆ ತಕ್ಕಂತೆ ಇದು ನಿಜಕ್ಕೂ ಏನನ್ನಾದರೂ ತಡೆಯುತ್ತದೆಯೇ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ನೀರಡಿ:

ಎಲ್ಲವೂ ನಿಜ. ಆ ವಾರ್ಷಿಕ ವರದಿಗಳನ್ನು ಕೊಡುವುದು ಒಂದೇ ಸಂಸ್ಥೆ, ಆಸ್ಟ್ರೇಲಿಯನ್ ಇನ್‌ಸ್ಟಿಟ್ಯೂಟ್ ಆಫ್ ಮರೀನ್ ಸೈನ್ಸ್. ಅಳೆಯುವ ಕ್ರಮವೂ ಒಂದೇ. ಆ ಅಂಕಿ ಏನನ್ನು ಎಣಿಸುತ್ತದೆ, ಏನನ್ನು ಎಣಿಸುವುದಿಲ್ಲ ಎಂಬುದನ್ನು ಹಿಡಿದುಕೊಳ್ಳಬೇಕು, ಅಷ್ಟೆ.

ಸಣ್ಣ ದೋಣಿ, ಅದರ ಹಿಂದೆ 17 ಮೀಟರ್ ಹಗ್ಗ, ಹಗ್ಗದ ತುದಿಗೆ ಒಂದು ಹಲಗೆ. ಮಾಸ್ಕ್, ಸ್ನಾರ್ಕೆಲ್ ಹಾಕಿಕೊಂಡ ವೀಕ್ಷಕರು ಆ ಹಲಗೆ ಹಿಡಿದು ಬೋರಲಾಗಿ ತೇಲುತ್ತಾರೆ. ದೋಣಿ ಗಂಟೆಗೆ ಸುಮಾರು 4 ಕಿ.ಮೀ. ವೇಗದಲ್ಲಿ, ಅಂದರೆ ನಾವು ನಡೆಯುವಷ್ಟು ನಿಧಾನವಾಗಿ, ದಿಬ್ಬವನ್ನು ಸುತ್ತುಹಾಕುತ್ತದೆ. ಎರಡು ನಿಮಿಷಕ್ಕೊಮ್ಮೆ ನಿಲ್ಲುತ್ತದೆ. ಆ ಎರಡು ನಿಮಿಷದಲ್ಲಿ ಕಂಡ ತಳದಲ್ಲಿ ಜೀವಂತ ಗಟ್ಟಿ ಹವಳ ಎಷ್ಟು ಭಾಗ ಎಂದು ವೀಕ್ಷಕರು ಹಲಗೆಯ ಮೇಲಿನ ಹಾಳೆಯಲ್ಲಿ ಬರೆದುಕೊಳ್ಳುತ್ತಾರೆ. ಒಂದೊಂದು ಶೇಕಡಾವನ್ನೂ ಬಿಡಿಬಿಡಿಯಾಗಿ ಊಹಿಸುವುದಿಲ್ಲ, ಗುಂಪುಗಳಿವೆ: 1ರಿಂದ 10, 11ರಿಂದ 30, 31ರಿಂದ 50, ಹೀಗೆ. ಇದನ್ನು ಮಾಂಟಾ ಟೋ ಎನ್ನುತ್ತಾರೆ. 2022ರ ವರದಿಗೆ 87 ದಿಬ್ಬಗಳನ್ನು, 2025ರದಕ್ಕೆ 124 ದಿಬ್ಬಗಳನ್ನು ಹೀಗೆ ಸುತ್ತಿದ್ದಾರೆ. ಇಡೀ ರೀಫ್ ಅಂದರೆ ಸುಮಾರು 3000 ಬಿಡಿ ದಿಬ್ಬಗಳು. ಮರಳು, ಬೋಳು ಬಂಡೆ ಎಲ್ಲ ಕಡೆ ಇರುವುದರಿಂದ ಸೊಂಪಾದ ದಿಬ್ಬದಲ್ಲೂ 100 ಬರುವುದಿಲ್ಲ. 30 ದಾಟಿದರೆ ಅದೇ ಹೆಚ್ಚು.

ಈಗ ನಿಮ್ಮ ಗಂಟಿಗೆ ಬರೋಣ. ಬಿಳಿಚಿದ ಹವಳ ಇನ್ನೂ ಜೀವಂತ ಹವಳವೇ, ಆದ್ದರಿಂದ ಅದು ‘ಜೀವಂತ’ ಲೆಕ್ಕಕ್ಕೇ ಸೇರುತ್ತದೆ. 2024ರ ವರದಿಯ ಸಮೀಕ್ಷೆ ನಡೆದದ್ದು 2023ರ ಆಗಸ್ಟ್‌ನಿಂದ 2024ರ ಜೂನ್‌ವರೆಗೆ. ಹವಳ ಬಿಳಿಚಿದ್ದು 2024ರ ಫೆಬ್ರವರಿ, ಮಾರ್ಚ್‌ನ ಬೇಸಿಗೆಯಲ್ಲಿ. ಹಾಗಾಗಿ ಬಹುಪಾಲು ದಿಬ್ಬಗಳನ್ನು ಬಿಳಿಚುವ ಮೊದಲು ಇಲ್ಲವೇ ಬಿಳಿಚಿ ನಿಂತಿದ್ದಾಗ ನೋಡಿದ್ದರು. ಸಾವು ಲೆಕ್ಕಕ್ಕೆ ಬಂದದ್ದು ಮರುವರ್ಷ. 2025ರಲ್ಲಿ ಉತ್ತರ ಭಾಗ ಸುಮಾರು ಶೇ. 40ರಿಂದ 30ಕ್ಕೆ, ಮಧ್ಯ ಭಾಗ 33ರಿಂದ 29ರ ಹತ್ತಿರಕ್ಕೆ, ದಕ್ಷಿಣ ಭಾಗ 39ರಿಂದ 27ಕ್ಕೆ ಇಳಿಯಿತು. ಉತ್ತರ, ದಕ್ಷಿಣ ಎರಡರಲ್ಲೂ ಒಂದೇ ವರ್ಷದಲ್ಲಿ ಇಷ್ಟು ಇಳಿದದ್ದು ಸಮೀಕ್ಷೆ ಶುರುವಾದಾಗಿನಿಂದ ಇದೇ ಮೊದಲು.

2022ರ ಏರಿಕೆಯ ಹಿಂದಿನ ಸಂಗತಿ ಇನ್ನೂ ಮುಖ್ಯ. ಆ ಏರಿಕೆಯಲ್ಲಿ ಸಿಂಹಪಾಲು ಅಕ್ರೊಪೊರಾ ಕುಲದ ಹವಳಗಳದ್ದು: ಜಿಂಕೆಯ ಕೊಂಬಿನಂತೆ ಕವಲೊಡೆಯುವವು, ಮೇಜಿನಂತೆ ಅಗಲವಾಗಿ ಹರಡುವವು. ಕವಲು ಹವಳ ವರ್ಷಕ್ಕೆ 10 ಸೆಂ.ಮೀ. ಬೆಳೆದೀತು. ಗುಂಡುಬಂಡೆಯಂತಿರುವ ಪೊರೈಟಿಸ್ ಹವಳ ಬೆಳೆಯುವುದು ವರ್ಷಕ್ಕೆ ಸುಮಾರು 1 ಸೆಂ.ಮೀ. ಬೇಗ ಬೆಳೆಯುವ ಅಕ್ರೊಪೊರಾಗೇ ಬಿಸಿನೀರು ಮೊದಲು ತಾಗುವುದು, ಚಂಡಮಾರುತದ ಅಲೆಗೆ ಮುರಿಯುವುದೂ ಅದೇ, ಮುಳ್ಳುಕಿರೀಟದ ನಕ್ಷತ್ರಮೀನಿಗೆ ಅತಿ ಇಷ್ಟದ ಊಟವೂ ಅದೇ. ಹಳೇ ಕಾಡು ಬಿದ್ದ ಜಾಗದಲ್ಲಿ ಐದೇ ವರ್ಷಕ್ಕೆ ಅಕೇಶಿಯಾ ತುಂಬಿಕೊಂಡರೆ ಉಪಗ್ರಹದ ಚಿತ್ರದಲ್ಲಿ ಹಸಿರು ಹೆಚ್ಚಾದಂತೆಯೇ ಕಾಣುತ್ತದೆ. ಹವಳದ ಹೊದಿಕೆ ಎಂಬ ಅಂಕಿಯೂ ಹಾಗೆ. ಎಷ್ಟಿದೆ ಎಂದು ಹೇಳುತ್ತದೆ, ಯಾವುದಿದೆ ಎಂದು ಹೇಳುವುದಿಲ್ಲ. ಮಕ್ಕಳಿಗೆ ಈ ಒಂದು ವ್ಯತ್ಯಾಸ ತಿಳಿಸಿದರೆ ಮುಂದೆ ಎಂಥ ಸುದ್ದಿ ಬಂದರೂ ತಾವೇ ತೂಗಿ ನೋಡುತ್ತಾರೆ.

ಸಾಮೂಹಿಕವಾಗಿ ಬಿಳಿಚಿದ ವರ್ಷಗಳು: 1998, 2002, 2016, 2017, 2020, 2022, 2024, 2025. ಮೊದಲೆರಡರ ನಂತರ 14 ವರ್ಷ ಬಿಡುವಿತ್ತು. ಈಗ ಹಾಗಿಲ್ಲ. ಅಕ್ರೊಪೊರಾ ಚೇತರಿಸಿಕೊಳ್ಳಲು ಹತ್ತು ವರ್ಷವಾದರೂ ಬೇಕು, ಶತಮಾನ ಕಂಡ ಪೊರೈಟಿಸ್ ಸತ್ತರೆ ಆ ಜಾಗ ತುಂಬಲು ಇನ್ನೊಂದು ಶತಮಾನವೇ ಬೇಕು.

ಅಘನಾಶಿನಿ ತೀರ:

‘ಬಿಳಿಚುವುದು ಅಂದರೆ ಸಾಯುವುದೇ?’ ಎಂಬುದಕ್ಕೆ ನಾನು ಸೇರಿಸುತ್ತೇನೆ.

ಹವಳದ ಪಾಲಿಪ್‌ನ, ಅಂದರೆ ಹವಳವನ್ನು ಕಟ್ಟುವ ಪುಟ್ಟ ಪ್ರಾಣಿಯ, ಮೈ ಹೆಚ್ಚುಕಡಿಮೆ ಪಾರದರ್ಶಕ. ಕಂದು, ಹಸಿರು ಛಾಯೆ ಬಹುಮಟ್ಟಿಗೆ ಅದರ ಜೀವಕೋಶಗಳೊಳಗೆ ಇರುವ ಸೂಕ್ಷ್ಮ ಪಾಚಿಯದ್ದು, ಝೂಕ್ಸಾಂಥೆಲೆ ಎಂದು ಅದರ ಹೆಸರು. ಒಂದು ಚದರ ಸೆಂಟಿಮೀಟರ್‌ನಲ್ಲಿ, ಅಂದರೆ ಕಿರುಬೆರಳ ಉಗುರಿನಷ್ಟು ಜಾಗದಲ್ಲಿ, ಹತ್ತು ಲಕ್ಷಕ್ಕೂ ಹೆಚ್ಚು ಪಾಚಿಕೋಶ ಇರಬಹುದು. ಅವು ಬಿಸಿಲಿನಲ್ಲಿ ತಯಾರಿಸುವ ಸಕ್ಕರೆ, ಗ್ಲಿಸರಾಲ್‌ಗಳಿಂದ ಹವಳಕ್ಕೆ ಬೇಕಾದ ಶಕ್ತಿಯ ಶೇ. 90ರವರೆಗೂ ಸಿಗುತ್ತದೆ. ಬದಲಿಗೆ ಹವಳದ ಕಸವಾದ ಸಾರಜನಕ, ಇಂಗಾಲದ ಡೈಆಕ್ಸೈಡ್ ಪಾಚಿಗೆ ಗೊಬ್ಬರ. ಪೋಷಕಾಂಶ ತೀರ ಕಮ್ಮಿ ಇರುವ ತಿಳಿನೀಲಿ ನೀರಿನಲ್ಲಿ ಇಷ್ಟೊಂದು ಜೀವ ತುಂಬಿರುವ ಗುಟ್ಟು ಇದೇ: ಅಲ್ಲಿ ಏನೂ ಪೋಲಾಗುವುದಿಲ್ಲ.

ನೀರು ಬಿಸಿಯಾದಾಗ, ಅದರಲ್ಲೂ ಗಾಳಿಯಿಲ್ಲದೆ ಕಡಲು ಕನ್ನಡಿಯಂತೆ ನಿಂತು ಬಿಸಿಲು ಆಳಕ್ಕೆ ಹೊಕ್ಕಾಗ, ಪಾಚಿಯ ದ್ಯುತಿಸಂಶ್ಲೇಷಣೆಯ ಯಂತ್ರ ಹದ ತಪ್ಪಿ ವಿಷಕಾರಿ ಆಮ್ಲಜನಕ ರೂಪಗಳು ಹುಟ್ಟುತ್ತವೆ. ಹವಳ ಆ ಪಾಚಿಯನ್ನು ಹೊರಹಾಕುತ್ತದೆ. ಆಗ ಪಾರದರ್ಶಕ ಮೈಯ ಹಿಂದಿನ ಸುಣ್ಣದ ಅಸ್ಥಿ ಕಾಣಿಸತೊಡಗುತ್ತದೆ, ಬಿಳುಪು ಅಂದರೆ ಅದು. ಹತ್ತಿರದಿಂದ ನೋಡಿದರೆ ಪಾಲಿಪ್‌ಗಳು ಕೈಚಾಚಿಕೊಂಡೇ ಇರುತ್ತವೆ. ಕೂಡಿಟ್ಟ ಕೊಬ್ಬಿನ ಮೇಲೆ ಕೆಲವು ವಾರ ಬದುಕುತ್ತವೆ. ಅಷ್ಟರೊಳಗೆ ನೀರು ತಣಿದರೆ ಪಾಚಿ ಮರಳಿ ತುಂಬಿ ಬಣ್ಣ ಬರುತ್ತದೆ, ಆದರೂ ಆ ವರ್ಷ ಮೊಟ್ಟೆ ಕಟ್ಟುವುದು ಕಮ್ಮಿ. ತಣಿಯದಿದ್ದರೆ ಸಾಯುತ್ತದೆ. ಸತ್ತದ್ದರ ಗುರುತು ಬೇರೆ: ಬಿಳಿ ಬಣ್ಣ ಉಳಿಯುವುದೇ ಇಲ್ಲ, ಕೆಲವೇ ದಿನಗಳಲ್ಲಿ ಅಸ್ಥಿಯ ಮೇಲೆ ಕೊಳೆಯಾದ ಮಖಮಲ್ಲಿನಂತೆ ಹಸಿರುಗಂದು ಪಾಚಿ ಹಬ್ಬುತ್ತದೆ. ಹೀಗಾಗಿ ಚಿತ್ರದಲ್ಲಿ ಅಚ್ಚ ಬಿಳಿ ಕಂಡರೆ ಅದು ಇನ್ನೂ ಜೀವ ಹಿಡಿದಿರುವ ಹವಳ, ಇಲ್ಲವೇ ಈಗಷ್ಟೇ ಸತ್ತದ್ದು.

ತಾಪದ ಲೆಕ್ಕ ಮಕ್ಕಳೇ ಹಾಕಬಹುದು. ಒಂದು ಜಾಗದಲ್ಲಿ ವರ್ಷದ ಅತಿ ಬಿಸಿ ತಿಂಗಳ ವಾಡಿಕೆಯ ಸರಾಸರಿ 28.5 ಡಿಗ್ರಿ ಎಂದುಕೊಳ್ಳಿ. ಅದಕ್ಕಿಂತ 1 ಡಿಗ್ರಿ ಮೇಲೆ ಹೋದಾಗಿನಿಂದ ಲೆಕ್ಕ ಶುರು. ನೀರು 30.5ಕ್ಕೆ ಹೋಗಿ ಒಂದು ವಾರ ನಿಂತರೆ 2 ಡಿಗ್ರಿ-ವಾರ, ನಾಲ್ಕು ವಾರ ನಿಂತರೆ 8. ಹಿಂದಿನ 12 ವಾರಗಳದ್ದನ್ನು ಕೂಡಿಸುತ್ತ ಹೋಗಬೇಕು. ಮೊತ್ತ 4 ಆದರೆ ಗಣನೀಯ ಬಿಳಿಚು, 8 ದಾಟಿದರೆ ಸಾವು. ಕಡಲು, ಹವಾಮಾನ ನೋಡಿಕೊಳ್ಳುವ ಅಮೆರಿಕದ ನೋವಾ ಸಂಸ್ಥೆ ಉಪಗ್ರಹದ ಮಾಹಿತಿಯಿಂದ ಇದನ್ನು ಪ್ರತಿದಿನ ನಕ್ಷೆಯಲ್ಲಿ ಹಾಕುತ್ತದೆ. 8ರ ಮೇಲೆಲ್ಲ ಒಂದೇ ಕೆಂಪು ಎಚ್ಚರಿಕೆಯಾಗಿತ್ತು. ಅದು ಸಾಲದೆ, 20 ದಾಟುವವರೆಗೂ ಹೊಸ ಹಂತಗಳನ್ನು ಈಚೆಗೆ ಸೇರಿಸಬೇಕಾಯಿತು.

ಕಡಲಂಚು:

ತುಂಬಾ ಉಪಕಾರವಾಯಿತು. ಟಿಪ್ಪಣಿಯಲ್ಲಿ ‘ಬಿಳಿಚಿದ, ಅಂದರೆ ಸತ್ತ’ ಎಂದು ಬರೆದಿದ್ದನ್ನು ತಿದ್ದಿದೆ. ‘ತಡೆಯುವುದು ಏನನ್ನು?’ ಎಂಬುದು ಉಳಿಯಿತು. ಜೊತೆಗೆ, ನಮ್ಮ ಕರಾವಳಿಯೂ ಉಷ್ಣವಲಯದಲ್ಲೇ ಇದೆಯಲ್ಲ, ಕಾರವಾರದಿಂದ ಮಂಗಳೂರಿನವರೆಗೆ ಇಂಥದ್ದು ಯಾಕಿಲ್ಲ? ಮಕ್ಕಳು ಕೇಳಿಯೇ ಕೇಳುತ್ತಾರೆ.

ಸುಣ್ಣಕಲ್ಲು:

ತಡೆ ದಿಬ್ಬ ಎಂದರೆ ದಡಕ್ಕೆ ಅಂಟಿಕೊಳ್ಳದೆ, ನಡುವೆ ಲಗೂನ್ ಎಂಬ ಆಳ ಕಮ್ಮಿಯ ನೀರಿನ ಪಟ್ಟಿ ಬಿಟ್ಟು, ದಡಕ್ಕೆ ಸಮಾನಾಂತರವಾಗಿ ನಿಂತ ದಿಬ್ಬ. ದಡಕ್ಕೆ ತಾಗಿಯೇ ಬೆಳೆದದ್ದು ಅಂಚಿನ ದಿಬ್ಬ, ಉಂಗುರದಂತಿರುವುದು ಅಟಾಲ್. ದ್ವೀಪ ನಿಧಾನವಾಗಿ ಮುಳುಗುತ್ತ ಹೋದಂತೆ ಅಂಚಿನ ದಿಬ್ಬ ತಡೆ ದಿಬ್ಬವಾಗಿ, ಕೊನೆಗೆ ಅಟಾಲ್ ಆಗುತ್ತದೆ ಎಂದು ಡಾರ್ವಿನ್ 1842ರಲ್ಲಿ ಬರೆದರು. ಪೆಸಿಫಿಕ್‌ನ ಎನಿವೆಟಾಕ್ ಅಟಾಲ್‌ನಲ್ಲಿ 1952ರಲ್ಲಿ ಕೊರೆದಾಗ ಸುಮಾರು 1400 ಮೀಟರ್ ಸುಣ್ಣಕಲ್ಲಿನ ಕೆಳಗೆ ಜ್ವಾಲಾಮುಖಿಯ ಕಲ್ಲು ಸಿಕ್ಕಿ ಅದು ಖಚಿತವಾಯಿತು.

ಗ್ರೇಟ್ ಬ್ಯಾರಿಯರ್ ರೀಫ್‌ನ ಕತೆ ಮಾತ್ರ ಬೇರೆ, ಪಾಠದಲ್ಲಿ ಎರಡನ್ನೂ ಬೆರೆಸಬೇಡಿ. ಅದು ಖಂಡಾವರಣ ಪ್ರದೇಶದ, ಅಂದರೆ ಖಂಡದ ಅಂಚಿನಲ್ಲಿ ಕಡಲಡಿಗೆ ಚಾಚಿದ ತಗ್ಗು ನೆಲದ, ಮೇಲೆ ಬೆಳೆದದ್ದು. 20,000 ವರ್ಷಗಳ ಹಿಂದೆ, ಹಿಮಯುಗದಲ್ಲಿ, ಸಮುದ್ರ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ಈಗಿನ ಲಗೂನ್ ಆಗ ಒಣನೆಲ, ಹಳೆಯ ದಿಬ್ಬಗಳು ಸುಣ್ಣಕಲ್ಲಿನ ಗುಡ್ಡಗಳು. ಹಿಮ ಕರಗಿ ನೀರು ಏರಿದಾಗ, ಹತ್ತಿರಹತ್ತಿರ 9000 ವರ್ಷಗಳಿಂದೀಚೆಗೆ, ಆ ಗುಡ್ಡಗಳ ನೆತ್ತಿಯ ಮೇಲೆ ಹೊಸ ಹವಳ ಕಟ್ಟಿಕೊಂಡಿತು. ಹಾಗಾಗಿ 2300 ಕಿ.ಮೀ. ಉದ್ದದ ಒಂದೇ ಗೋಡೆ ಎಂದು ಚಿತ್ರ ಬರೆಯಬೇಡಿ. ಉತ್ತರದ ಹೊರ ಅಂಚಿನಲ್ಲಿ ರಿಬ್ಬನ್‌ನಂತೆ ಸಾಲುಗಟ್ಟಿವೆ, ದಕ್ಷಿಣದಲ್ಲಿ ಚೂರುಚೂರಾಗಿ ಹರಡಿವೆ. ಉತ್ತರದ ಕೆಲವೆಡೆ ದಡದಿಂದ 30 ಕಿ.ಮೀ.ಗೇ ಸಿಗುತ್ತದೆ, ದಕ್ಷಿಣದಲ್ಲಿ 200 ಕಿ.ಮೀ. ದಾಟಬೇಕು.

ಅಲೆ ತಡೆಯುವುದಂತೂ ನಿಜ. ಹಲವು ಸಾಗರಗಳ ಅಳತೆಗಳನ್ನು ಒಟ್ಟುಗೂಡಿಸಿದ 2014ರ ವಿಶ್ಲೇಷಣೆಯೊಂದರಲ್ಲಿ, ಹವಳದ ದಿಬ್ಬ ಅಲೆಯ ಶಕ್ತಿಯನ್ನು ಸರಾಸರಿ ಶೇ. 97ರಷ್ಟು ಕುಗ್ಗಿಸುತ್ತದೆ ಎಂದು ಕಂಡಿತು. ಅದರಲ್ಲಿ 86 ಭಾಗ ದಿಬ್ಬದ ಶಿಖರದ್ದೇ, ಅಂದರೆ ಅಲೆ ಮುರಿಯುವ ಆ ಕಿರಿದಾದ ಪಟ್ಟಿಯದ್ದು. ಆ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದಿರುವುದು ಹವಳ ಮಾತ್ರವಲ್ಲ, ಸಿಮೆಂಟ್ ಗಾರೆ ಬಳಿದಂತೆ ಹರಡುವ ಗುಲಾಬಿ ಬಣ್ಣದ ಸುಣ್ಣಪಾಚಿ. ಹವಳ ಸತ್ತು, ಕೊರಕ ಸ್ಪಂಜುಗಳು ಅದನ್ನು ಟೊಳ್ಳು ಮಾಡಿ, ಶಿಖರ ಅರ್ಧ ಮೀಟರ್ ತಗ್ಗಿದರೂ ಅದರ ಮೇಲಿನ ನೀರಿನ ಆಳ ಅಷ್ಟು ಹೆಚ್ಚಿ ಅಲೆ ಒಳಗೆ ನುಗ್ಗುತ್ತದೆ. ಒಂದು ಎಚ್ಚರಿಕೆ: ಲಗೂನ್ ತುಂಬಾ ಅಗಲವಿದ್ದರೆ ಅದರೊಳಗೇ ಗಾಳಿ ಹೊಸ ಅಲೆ ಎಬ್ಬಿಸುತ್ತದೆ. ಹೀಗಾಗಿ ದಡದ ರಕ್ಷಣೆಗೆ ಒಳ್ಳೆಯ ಉದಾಹರಣೆ ಬೇಕಿದ್ದರೆ ಮಧ್ಯ ಅಮೆರಿಕದ ಬೆಲೀಝ್ ದಿಬ್ಬ ಕೊಡಿ. ಅಲ್ಲಿ ಉತ್ತರದ ಕೆಲವೆಡೆ ದಿಬ್ಬ ದಡದ ಮಗ್ಗುಲಲ್ಲೇ ಇದೆ.

ನಮ್ಮ ಕರಾವಳಿಗೆ ಬಂದರೆ, ಕಾಳಿ, ಶರಾವತಿ, ನೇತ್ರಾವತಿ ಮುಂತಾದ ನದಿಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಸಿಹಿನೀರು, ಕೆಸರು ದಡದ ನೀರನ್ನೆಲ್ಲ ಕದಡುತ್ತವೆ. ಹವಳಕ್ಕೆ ಬೇಕಾದ್ದು ಮುಖ್ಯವಾಗಿ ಮೂರು: ಬೆಳಕು ಇಳಿಯುವ ತಿಳಿನೀರು, ಏರುಪೇರಿಲ್ಲದ ಉಪ್ಪು, ಕೂರಲು ಗಟ್ಟಿ ತಳ. ಮಳೆಗಾಲದಲ್ಲಿ ಮೊದಲೆರಡು ಕೈಕೊಡುತ್ತವೆ, ಬಹುಪಾಲು ಕಡೆ ತಳ ಕೆಸರು, ಮರಳು. ದಡ ಬಿಟ್ಟು ಮುರ್ಡೇಶ್ವರದಾಚೆ ನೇತ್ರಾಣಿಗೆ ಹೋದರೆ ಬಂಡೆಯ ಮೇಲೆ ಹವಳ ಸಿಗುತ್ತದೆ, ಆದರೆ ಅದು ತಡೆ ದಿಬ್ಬವಲ್ಲ. ಲಕ್ಷದ್ವೀಪದ್ದು ಅಟಾಲ್‌ಗಳು. ಮನ್ನಾರ್ ಕೊಲ್ಲಿಯಲ್ಲಿ ದ್ವೀಪಗಳ ಸುತ್ತ ಅಂಚಿನ ದಿಬ್ಬಗಳು.

ಅಘನಾಶಿನಿ ತೀರ:

ಸುಣ್ಣಕಲ್ಲು ಅವರು ಕೆಸರಿನ ವಿಷಯ ಎತ್ತಿದ್ದರಿಂದ ಹೇಳುತ್ತೇನೆ. ಕ್ವೀನ್ಸ್‌ಲ್ಯಾಂಡ್‌ನಲ್ಲೂ ದೊಡ್ಡ ತಲೆನೋವು ಅದೇ. ದನ ಮೇಯುವ ಒಣಸೀಮೆಯ ಕೊರಕಲುಗಳಿಂದ ಬರ್ಡೆಕಿನ್ ನದಿ ಮಣ್ಣು ಹೊತ್ತು ತರುತ್ತದೆ, ಟುಲ್ಲಿ, ಜಾನ್‌ಸ್ಟನ್ ನದಿಗಳು ಕಬ್ಬಿನ ಗದ್ದೆಗಳ ಯೂರಿಯಾ ತರುತ್ತವೆ. ಸಾರಜನಕ ಕಡಲಿಗೆ ಬಿದ್ದರೆ ತೇಲು ಪಾಚಿ ಹೆಚ್ಚುತ್ತದೆ. ಆ ತೇಲು ಪಾಚಿಯೇ ಮುಳ್ಳುಕಿರೀಟದ ನಕ್ಷತ್ರಮೀನಿನ ಮರಿಗಳಿಗೆ ಆಹಾರ. ಒಂದು ದೊಡ್ಡ ಹೆಣ್ಣು ಒಂದು ಋತುವಿನಲ್ಲಿ ಕೋಟಿಗಟ್ಟಲೆ ಮೊಟ್ಟೆ ಬಿಡುತ್ತದೆ. ಮರಿಗಳಲ್ಲಿ ಬದುಕುವ ಪ್ರಮಾಣ ತುಸು ಹೆಚ್ಚಿದರೂ ಸಾಕು, ಹಿಂಡು ಏಳುತ್ತದೆ. 1962ರಿಂದ ನಾಲ್ಕು ದೊಡ್ಡ ಹಾವಳಿಗಳಾಗಿವೆ.

ಇದು ಊಟ ಮಾಡುವ ರೀತಿ ನೋಡಿ. ಹವಳದ ಮೇಲೆ ಹತ್ತಿ ಕೂತು ಹೊಟ್ಟೆಯನ್ನೇ ಬಾಯಿಂದ ಹೊರಚಾಚಿ ಹಾಸುತ್ತದೆ, ಜೀರ್ಣರಸದಲ್ಲಿ ಪಾಲಿಪ್‌ಗಳು ಕರಗಿದ ಮೇಲೆ ಹೀರಿ ಹೊಟ್ಟೆಯನ್ನು ಒಳಕ್ಕೆಳೆದುಕೊಳ್ಳುತ್ತದೆ. ಹಿಂದೆ ತಟ್ಟೆಯಗಲದ ಅಚ್ಚ ಬಿಳಿ ಮಚ್ಚೆ ಉಳಿಯುತ್ತದೆ. ಬಿಳಿಚಿದ ಹವಳಕ್ಕೂ ಇದಕ್ಕೂ ಗೊಂದಲ ಬೇಡ: ಇಲ್ಲಿ ಪಾಲಿಪ್ ಇಲ್ಲವೇ ಇಲ್ಲ, ಮಚ್ಚೆಯ ಅಂಚು ಕತ್ತರಿಸಿದಂತೆ ಇರುತ್ತದೆ, ಹುಡುಕಿದರೆ ಮುಳ್ಳುಪ್ರಾಣಿ ಹತ್ತಿರದಲ್ಲೇ ಅಡಗಿರುತ್ತದೆ.

ಮುಳುಗುಗಾರರು ಒಂದೊಂದನ್ನೇ ಚುಚ್ಚಿ ಕೊಲ್ಲುತ್ತಾರೆ. ಮೊದಲು ಸೋಡಿಯಂ ಬೈಸಲ್ಫೇಟ್ ಬಳಸುತ್ತಿದ್ದರು, ಒಂದು ಪ್ರಾಣಿಗೆ ಹತ್ತಾರು ಬಾರಿ ಚುಚ್ಚಬೇಕಿತ್ತು. ಒಂದು ತೋಳು ತಪ್ಪಿದರೂ ಬದುಕಿಬಿಡುತ್ತಿತ್ತು. ಈಗ ಎತ್ತಿನ ಪಿತ್ತರಸದ ಲವಣದ ದ್ರಾವಣ 10 ಮಿ.ಲೀ. ಒಂದೇ ಬಾರಿ ಸಾಕು, ಇಲ್ಲವೇ ಅಡುಗೆಮನೆಯ ವಿನೆಗರ್ 20 ಮಿ.ಲೀ. ಒಂದೆರಡು ದಿನದಲ್ಲಿ ಸಾಯುತ್ತದೆ. ಆದರೆ ಹವಳದ ಸಂದಿಯಲ್ಲಿರುವ ಮರಿಗಳು ಕಣ್ಣಿಗೆ ಬೀಳುವುದಿಲ್ಲ. ಅವು ಸುಣ್ಣಪಾಚಿ ತಿಂದುಕೊಂಡು ವರ್ಷಗಟ್ಟಲೆ ಸಣ್ಣದಾಗಿಯೇ ಉಳಿಯಬಲ್ಲವು. ಅದಕ್ಕೇ ಒಂದೇ ದಿಬ್ಬಕ್ಕೆ ಮತ್ತೆಮತ್ತೆ ಹೋಗಬೇಕಾಗುತ್ತದೆ.

ಗದ್ದೆಯಲ್ಲಿ ಮಾಡುವ ಕೆಲಸ ನಮ್ಮ ರೈತರಿಗೂ ಅರ್ಥವಾಗುವಂಥದ್ದು: ಕಬ್ಬಿನ ರವದಿಯನ್ನು ಸುಡದೆ ನೆಲಕ್ಕೇ ಹೊದಿಸುವುದು, ಯೂರಿಯಾವನ್ನು ಮೇಲೆ ಎರಚದೆ ಮಣ್ಣಿನೊಳಗೆ ಹಾಕುವುದು, ಮಳೆಯ ಮುನ್ಸೂಚನೆ ಇದ್ದರೆ ಗೊಬ್ಬರ ಮುಂದೂಡುವುದು.

ನೀರಡಿ:

ಮೀನುಗಳನ್ನು ಎಲ್ಲರೂ ಬಿಟ್ಟೆವು. ದಿಬ್ಬದ ಮೇಲೆ ಹವಳಕ್ಕೂ ದೊಡ್ಡ ಪಾಚಿಗಳಿಗೂ ಜಾಗಕ್ಕಾಗಿ ಸದಾ ಪೈಪೋಟಿ. ಪಾಚಿಯನ್ನು ಮೇಯ್ದು ಹವಳಮರಿ ಕೂರಲು ನೆಲ ಬಿಡಿಸಿಕೊಡುವುದು ಗಿಳಿಮೀನು, ಸರ್ಜನ್ ಮೀನು, ಮೈತುಂಬ ಮುಳ್ಳಿರುವ ಕಡಲ ಅರ್ಚಿನ್‌ಗಳು. ಗಿಳಿಮೀನಿನ ಹಲ್ಲುಗಳು ಕೂಡಿಕೊಂಡು ಗಿಳಿಯ ಕೊಕ್ಕಿನಂತಾಗಿವೆ, ಕಲ್ಲನ್ನೇ ಕೆರೆದು ತಿನ್ನುತ್ತದೆ, ಅರೆದ ಸುಣ್ಣವನ್ನು ಮರಳಾಗಿ ಹೊರಬಿಡುತ್ತದೆ. ದೊಡ್ಡ ಗುಬುಟುತಲೆಯ ಗಿಳಿಮೀನು ಒಂದೇ ವರ್ಷಕ್ಕೆ 5 ಟನ್‌ಗೂ ಹೆಚ್ಚು ಸುಣ್ಣದ ಕಲ್ಲು ಅರೆಯುತ್ತದೆ.

ಇವು ಹೋದರೆ ಏನಾಗುತ್ತದೆಂಬುದಕ್ಕೆ ಕೆರಿಬಿಯನ್ ಸಾಕ್ಷಿ. ಜಮೈಕಾದಲ್ಲಿ ಮೇಯುವ ಮೀನುಗಳನ್ನು ಮೊದಲೇ ಹಿಡಿದು ಮುಗಿಸಿದ್ದರು. ಮೇಯುವ ಕೆಲಸವೆಲ್ಲ ಉದ್ದಮುಳ್ಳಿನ ಡಯಾಡೆಮಾ ಅರ್ಚಿನ್ ಒಂದರ ಮೇಲೆ ಬಿದ್ದಿತ್ತು. 1983ರಲ್ಲಿ ಪನಾಮಾ ಕಡೆಯಿಂದ ಶುರುವಾದ ರೋಗಕ್ಕೆ ಇಡೀ ಕೆರಿಬಿಯನ್‌ನಲ್ಲಿ ಅದರ ಬಹುಪಾಲು ಸಂತತಿ ಸತ್ತುಹೋಯಿತು. 1980ರ ಚಂಡಮಾರುತದ ಪೆಟ್ಟು ಮೊದಲೇ ಬಿದ್ದಿತ್ತು. 1970ರ ದಶಕದ ಕೊನೆಗೆ ಶೇ. 50ಕ್ಕೂ ಹೆಚ್ಚಿದ್ದ ಹವಳ 1990ರ ದಶಕದ ಆರಂಭಕ್ಕೆ 5ಕ್ಕಿಂತ ಕೆಳಗಿಳಿದು, ಪಾಚಿ 90 ದಾಟಿತು. 2004ರಲ್ಲಿ ಗ್ರೇಟ್ ಬ್ಯಾರಿಯರ್ ರೀಫ್‌ನ ಸಂರಕ್ಷಿತ ಕಡಲ ಉದ್ಯಾನದಲ್ಲಿ ಮೀನುಗಾರಿಕೆ ಇಲ್ಲದ ಹಸಿರು ವಲಯವನ್ನು ಶೇ. 33ಕ್ಕೆ ಏರಿಸಿದ್ದು ಇದಕ್ಕೇ ಅಷ್ಟು ಮುಖ್ಯ. ಆ ವಲಯಗಳಲ್ಲಿ ನಕ್ಷತ್ರಮೀನಿನ ಹಾವಳಿಯೂ ಕಮ್ಮಿ ಕಂಡಿದೆ.

ಕಡಲಂಚು:

ಕೊನೆಯ ಪ್ರಶ್ನೆ. ಸತ್ತ ಜಾಗದಲ್ಲಿ ಸಸಿ ನೆಟ್ಟಂತೆ ಹವಳ ನೆಡಬಹುದಲ್ಲವೇ?

ಸುಣ್ಣಕಲ್ಲು:

ನೆಡುತ್ತಾರೆ, ಎರಡು ಬಗೆಯಲ್ಲಿ. ಒಂದು, ಕವಲಿನ ತುಂಡುಗಳನ್ನು ಕಟ್ಟಿ ಅಥವಾ ಅಂಟಿಸಿ ಬೆಳೆಸುವುದು. ಬೇಗ ಕಾಣುತ್ತದೆ, ಆದರೆ ಎಲ್ಲವೂ ಒಂದೇ ತಾಯಿಯ ನಕಲು, ಒಂದಕ್ಕೆ ತಾಗಿದ ಬಿಸಿ ಎಲ್ಲಕ್ಕೂ ತಾಗುತ್ತದೆ.

ಇನ್ನೊಂದು ಮರಿಗಳಿಂದ. ಅಕ್ಟೋಬರ್‌ನಿಂದ ಡಿಸೆಂಬರ್‌ನೊಳಗೆ, ಹುಣ್ಣಿಮೆಯಾಗಿ ನಾಲ್ಕರಿಂದ ಆರನೆಯ ರಾತ್ರಿ, ಕತ್ತಲಾದ ಮೇಲೆ ಹತ್ತಾರು ಜಾತಿಯ ಹವಳಗಳು ಒಟ್ಟಿಗೆ ಬೀಜ ಬಿಡುತ್ತವೆ. ಪ್ರತಿ ಪಾಲಿಪ್‌ನ ಬಾಯಲ್ಲಿ ಮೊದಲು ಗುಲಾಬಿ ಚುಕ್ಕೆ ಬಂದು ನಿಲ್ಲುತ್ತದೆ, ಸಾಸಿವೆಗಿಂತ ಚಿಕ್ಕದು. ಅದು ಮೊಟ್ಟೆ, ವೀರ್ಯ ಎರಡೂ ಸೇರಿದ ಉಂಡೆ. ಅರ್ಧ ಗಂಟೆ ಹಾಗೇ ಹಿಡಿದಿಟ್ಟುಕೊಂಡು, ಆಮೇಲೆ ಒಮ್ಮೆಲೇ ಬಿಟ್ಟರೆ ಎಲ್ಲ ಮೇಲಕ್ಕೇರಿ ನೀರಿನ ಮೇಲೆ ಗುಲಾಬಿ ಕೆನೆ ಕಟ್ಟುತ್ತದೆ. ಸಂಶೋಧಕರು ಅದನ್ನು ಬಲೆಯ ತೇಲು ತೊಟ್ಟಿಗಳಿಗೆ ತುಂಬಿ ನಾಲ್ಕರಿಂದ ಏಳು ದಿನ ಸಾಕಿ, ಮರಿಗಳು ಕೂರಲು ಹದಕ್ಕೆ ಬಂದಾಗ ದಿಬ್ಬದ ಮೇಲೆ ಬಿಡುತ್ತಾರೆ. ಇದೇ ರೀಫ್‌ನ ಹೆರಾನ್ ದ್ವೀಪದಲ್ಲಿ 2016ರಿಂದ ಹೀಗೆ ಮಾಡಿ ನೋಡಿದ್ದಾರೆ. ತಾಯಿಗಳು ಬೇರೆಬೇರೆ ಆದ್ದರಿಂದ ಇದೇ ವಾಸಿ ಎಂಬುದು ನನ್ನ ಎಣಿಕೆ, ಆದರೆ ಲಕ್ಷ ಮರಿ ಬಿಟ್ಟರೂ ಮೊದಲ ವರ್ಷ ದಾಟುವುದು ಬೆರಳೆಣಿಕೆಯಷ್ಟು. ಪ್ರಯೋಗದ ಜಾಗವನ್ನು ಚದರ ಮೀಟರ್‌ಗಳಲ್ಲಿ ಎಣಿಸುತ್ತೇವೆ, ಉದ್ಯಾನದ ವಿಸ್ತೀರ್ಣ 3,44,400 ಚದರ ಕಿ.ಮೀ.

ನೆಟ್ಟದ್ದು ನಿಲ್ಲಬೇಕಾದರೆ ನೀರು ತಣ್ಣಗಿರಬೇಕು. 2023ರ ಜುಲೈನಲ್ಲಿ ಫ್ಲಾರಿಡಾದಲ್ಲಿ ದಡದ ಹತ್ತಿರದ ಒಂದು ಮಾಪಕ 38 ಡಿಗ್ರಿ ದಾಟಿದಾಗ, ವರ್ಷಗಟ್ಟಲೆ ಕಡಲಲ್ಲಿ ಬೆಳೆಸಿದ್ದ ಹವಳದ ತುಂಡುಗಳನ್ನು ಮುಳುಗುಗಾರರು ಒಂದೊಂದಾಗಿ ಬಿಡಿಸಿ ಎತ್ತಿ, ದಡದ ಮೇಲಿನ ತಣ್ಣೀರಿನ ತೊಟ್ಟಿಗಳಿಗೆ ಸಾಗಿಸಬೇಕಾಯಿತು.